ಶನಿವಾರದ ರಾಶಿ

"ಬಂದ್ಯಾ? ಬಾರವ್ವ ಬಾ. ಊರಾಗಿನ ಪೀಡಾ ಎಲ್ಲಾ ನಿನ್ನ ದಾರೀನೇ ಕಾಯ್ಕೋತ ಕುಂತೈತಿ" ಎಂದು ಗುರುಸ್ವಾಮಿ ನಕ್ಕ.

ವಿರೂಪಮ್ಮನೂ ನಕ್ಕು, ಕಂಕುಳಲ್ಲಿದ್ದ ಖಾಲಿ ಗೋಣಿಚೀಲ ಕೊಡವಿದಳು. "ನಿನ್ನ ಪೀಡಾನೂ ಹಾಕು, ಒಯ್ತೀನಿ."

"ನನ್ನ ಪೀಡಾ ಮನ್ಯಾಗ ಅಡಗಿ ಮಾಡಾಕತ್ತೈತಿ. ಒಯ್ಯಾಕ ಆಗಂಗಿಲ್ಲ ಬಿಡು" ಎಂದು ಅವನು ಊಟಕ್ಕೆ ಎದ್ದ.

ಬಳ್ಳಾರಿಯ ಆ ಆಂಜನೇಯನ ಗುಡಿಯ ಬಾಗಿಲಲ್ಲಿ ಭಕ್ತರ ಚಪ್ಪಲಿ ಸ್ಟ್ಯಾಂಡಿನಲ್ಲಿಟ್ಟು ಕಾಯುವ ಕೆಲಸ ಗುರುಸ್ವಾಮಿಯದು. ಗುಡಿಗೆ ಅಂಟಿಕೊಂಡೇ ಶನಿದೇವರ ಸಣ್ಣ ಗುಡಿಯಿದೆ. ಶನಿವಾರ ಬಂದರೆ ಸಾಕು, ಜನ ಎಳ್ಳೆಣ್ಣೆಯ ದೀಪ ಹಚ್ಚಿ, ಕಾಲಲ್ಲಿದ್ದ ಹಳೆಯ ಚಪ್ಪಲಿಯನ್ನು ಗೋಡೆಯ ಬುಡಕ್ಕೆ ಬಿಟ್ಟು, ಹಿಂದಿರುಗಿ ನೋಡದೆ ಬರಿಗಾಲಲ್ಲಿ ಮನೆಗೆ ನಡೆಯುತ್ತಾರೆ. ಚಪ್ಪಲಿಯ ಜೊತೆ ಕಾಟವೂ ತೊಲಗಿತು ಎಂಬ ನಂಬಿಕೆ. ತೊಲಗಿದ ಕಾಟ ಯಾರ ತಲೆಯ ಮೇಲೆ ಕೂರುತ್ತದೆ ಎಂದು ಕೇಳುವವರಿಲ್ಲ. ಆ ರಾಶಿಯನ್ನು ಮುಟ್ಟಿದವರ ಹೆಗಲಿಗೆ ಶನಿ ಏರುತ್ತಾನೆಂದು ಕಳ್ಳರು ಕೂಡ ಅತ್ತ ಸುಳಿಯುವುದಿಲ್ಲ.

ವಿರೂಪಮ್ಮ ಸುಳಿಯುತ್ತಿದ್ದಳು. ಮಧ್ಯಾಹ್ನ ಗುಡಿ ಬಾಗಿಲು ಹಾಕುವ ಹೊತ್ತಿಗೆ ಬಂದು, ರಾಶಿಯನ್ನೆಲ್ಲ ಎರಡು ಚೀಲಕ್ಕೆ ತುಂಬಿಕೊಂಡು ಹೋಗುತ್ತಿದ್ದಳು. ಆ ಶನಿವಾರವೂ ಹಾಗೆಯೇ ತುಂಬಿದಳು. ಚೀಲ ಹೊತ್ತು ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡಿದಾಗ, ಒಂಬತ್ತು ಗಜದ ಸೀರೆಯ ಮುದುಕಿಯೊಬ್ಬರು ಗುಡಿಯ ಮೆಟ್ಟಿಲಿಳಿದು, ಅತ್ತಿತ್ತ ನೋಡಿ, ಕುದಿಯುವ ಡಾಂಬರಿನ ಮೇಲೆ ಬರಿಗಾಲಲ್ಲಿ ಸಾವಕಾಶ ನಡೆದುಹೋಗುವುದು ಕಂಡಿತು. ಪಾಪ, ಈ ಅಜ್ಜಿಯೂ ಕಾಟ ಬಿಟ್ಟು ಹೋಗುತ್ತಿದ್ದಾಳೆ ಅಂದುಕೊಂಡಳು. ಶನಿವಾರ ಆ ಬೀದಿಯಲ್ಲಿ ಬರಿಗಾಲಿನವರನ್ನು ಯಾರೂ ಏನೂ ಕೇಳುವುದಿಲ್ಲ.

ವಿರೂಪಮ್ಮನ ತವರು ಕುರುಗೋಡು, ಕೊಟ್ಟದ್ದು ಸಿರುಗುಪ್ಪಕ್ಕೆ. ಗಂಡ ತೀರಿಕೊಂಡ ಮೇಲೆ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಬಳ್ಳಾರಿಗೆ ಬಂದು, ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಹದಿನಾಲ್ಕು ವರ್ಷ ಮಷಿನ್ ತುಳಿದಳು. ಎರಡು ವರ್ಷದ ಹಿಂದೆ ಆ ಘಟಕ ಮುಚ್ಚಿತು. ಅವಳಿಗೆ ಉಳಿದದ್ದು ಒಂದು ಹಳೆಯ ಮಷಿನ್, ನಾಲ್ಕು ಮೂಟೆ ಜೀನ್ಸ್ ಚೂರು ಮತ್ತು ದಪ್ಪ ಸೂಜಿಗೆ ಪಳಗಿದ ಕೈ. ಕೂತು ಕೂತು ಬೇಸತ್ತು, ಮಗಳು ಮೌನಿಕಾಳ ಹರಿದ ಸ್ಯಾಂಡಲ್ಲಿನ ಪಟ್ಟಿ ಬಿಚ್ಚಿ, ಜೀನ್ಸ್ ಚೂರಿಗೆ ಸೇರಿಸಿ ಒಂದು ಪರ್ಸು ಹೊಲಿದಳು. ಕಾಲೇಜಿನ ಹುಡುಗಿಯರು ಅದನ್ನು ಕಸಿದುಕೊಂಡು ನೋಡಿದರಂತೆ. ಅಲ್ಲಿಂದ ಶುರುವಾಯಿತು. ಬಿಟ್ಟ ಚಪ್ಪಲಿಯನ್ನು ಸೋಪಿನ ನೀರಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಪಟ್ಟಿಯಿಂದ ಬೆಲ್ಟು, ಅಟ್ಟೆಯಿಂದ ಕೀ ಚೈನು, ಮೇಲಿನ ಚರ್ಮದಿಂದ ಪರ್ಸು, ಮೊಬೈಲ್ ಚೀಲ ಮಾಡುತ್ತಿದ್ದಳು. ಎಲ್ಲಿಂದ ತಂದಿರಿ ಎಂದು ಕೇಳಿದವರಿಗೆ ಮಾತ್ರ "ಹಳೇ ಲೆದರ್ರಿ" ಎನ್ನುತ್ತಿದ್ದಳು. ಸುಳ್ಳೇನಲ್ಲ, ಆದರೆ ಪೂರ್ತಿ ನಿಜವನ್ನೂ ಅವಳು ಹೇಳುತ್ತಿರಲಿಲ್ಲ.

ಮನೆ, ಗುಡಿ ಬಿಟ್ಟರೆ ನಿಜ ಗೊತ್ತಿದ್ದವನೆಂದರೆ ಗಂಡನ ಅಣ್ಣ ಎರ್ರಣ್ಣ. ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಮೇಸ್ತ್ರಿ. ಯುಗಾದಿಗೆ ಬಂದವನು ಹೊಸ್ತಿಲಲ್ಲೇ ನಿಂತು, ಮೂಲೆಯಲ್ಲಿದ್ದ ಚೀಲಗಳನ್ನು ಕಂಡು ಮುಖ ಕಿವುಚಿದ್ದ.

"ನಾವೇನು ಚಪ್ಪಲಿ ಹೊಲಿಯೋ ಮಂದೀನಾ? ಮಂದಿ ಬಿಟ್ಟಿದ್ದನ್ನ ಆಯ್ತೀಯಲ್ಲ, ನಾಳೆ ಈ ಹುಡುಗೀನ ಯಾರು ಕೇಳ್ತಾರ?"

"ಹೊಲಿಯೋ ಮಂದಿಗೆ ಏನಾಗೇತಿ ಭಾವ? ಬರಿಗಾಲಾಗ ಬಂದ್ಯಾ ನೀನು ಸಿರುಗುಪ್ಪದಿಂದ?"

ಎರ್ರಣ್ಣ ತನ್ನ ಕಾಲಿನ ಚಪ್ಪಲಿ ನೋಡಿಕೊಂಡು ಇನ್ನಷ್ಟು ಸಿಟ್ಟಾದ. ಸಿರುಗುಪ್ಪದಲ್ಲಿ ಅವನು ಮೌನಿಕಾಳಿಗೆ ಗಂಡು ನೋಡಿಟ್ಟಿದ್ದ. ಹುಡುಗಿಗೆ ಇನ್ನೂ ಹದಿನೇಳು. ಪಿಯುಸಿ ಪರೀಕ್ಷೆ ಬರೆದಿದ್ದಾಳೆ, ನರ್ಸಿಂಗ್ ಓದಬೇಕೆಂದು ಹಟ ಹಿಡಿದಿದ್ದಾಳೆ. ಮಾತಿಗೆ ಮಾತು ಬೆಳೆದು ಕೊನೆಗೆ ಎರ್ರಣ್ಣ ಹೇಳಿದ್ದು ಇಷ್ಟು: "ಆತು, ನಿನ್ನ ದುಡಿಮಿ ಇರೋತನಕ ಓದಿಸು. ಇದು ನಿಂತ ದಿನ ಹುಡುಗೀನ ಕರ್ಕೊಂಡು ಹೋಗಾಂವ ನಾನು. ಆಮ್ಯಾಲೆ ಅಳಬ್ಯಾಡ."

ಹಾಗಾಗಿ ವಿರೂಪಮ್ಮನಿಗೆ ಆ ರಾಶಿ ಬರೀ ಚಪ್ಪಲಿ ರಾಶಿಯಾಗಿರಲಿಲ್ಲ. ಅದು ಇರುವತನಕ ಮಗಳು ಮನೆಯಲ್ಲಿರುತ್ತಾಳೆ.

ಸೋಮವಾರ ಆ ಶನಿವಾರದ ಚೀಲ ಬಿಚ್ಚಿದಾಗ ಒಂದು ಜೋಡಿ ಕಪ್ಪು ಚಪ್ಪಲಿ ಸಿಕ್ಕಿತು. ಅಂಥದ್ದನ್ನು ಅವಳು ಕಂಡಿರಲಿಲ್ಲ. ಒಳಗಿನ ಹಾಸು ಬೆರಳಿಟ್ಟರೆ ತಗ್ಗುವಷ್ಟು ಮೆತ್ತಗೆ, ಮೇಲೆ ಅಗಲವಾದ ಪಟ್ಟಿ, ಎಳೆದು ಅಂಟಿಸುವ ಪಟ್ಟಿ. ಅಟ್ಟೆ ಅಷ್ಟೇನೂ ಸವೆದಿರಲಿಲ್ಲ. ಇದನ್ನು ಯಾರಪ್ಪ ಬಿಟ್ಟರು ಎಂದು ಕೈ ಒಂದು ಗಳಿಗೆ ತಡೆಯಿತು. ಅನುಮಾನ ಬಂದದ್ದು ನಿಜ. ಆದರೆ ರಾಶಿಯಲ್ಲಿತ್ತಲ್ಲ, ರಾಶಿಯಲ್ಲಿದ್ದದ್ದೆಲ್ಲ ಬಿಟ್ಟದ್ದೇ ಎಂದು ಕತ್ತರಿ ಹಾಕಿದಳು. ಪಟ್ಟಿಯಿಂದ ಒಂದು ಚೆಂದದ ಪರ್ಸಾಯಿತು. ಕಾಲಿನ ಗುರುತು ಮೂಡಿದ್ದ ಮೆತ್ತನೆಯ ಹಾಸುಗಳನ್ನು ಯಾವುದಕ್ಕಾದರೂ ಬಂದೀತೆಂದು ಎತ್ತಿಟ್ಟಳು.

ಮುಂದಿನ ಶನಿವಾರ ಗುಡಿಗೆ ಹೋದಾಗ ಗುರುಸ್ವಾಮಿ ನಗಲಿಲ್ಲ. ಅವನ ಮುಂದೆ ಕನ್ನಡಕದ ಒಬ್ಬ ಮನುಷ್ಯ ನಿಂತು ಮಾತಾಡುತ್ತಿದ್ದ. ಹೆಸರು ಪ್ರಾಣೇಶ, ಕುರುಗೋಡಿನ ಸಾಲೆಯೊಂದರಲ್ಲಿ ಮೇಷ್ಟ್ರು, ದಿನಾ ಬಸ್ಸಿನಲ್ಲಿ ಹೋಗಿಬರುವವನು.

"ಕಪ್ಪು ಚಪ್ಪಲಿರೀ, ದವಾಖಾನ್ಯಾಗ ಅಳತಿ ಕೊಟ್ಟು ಮಾಡಿಸಿದ್ದು. ನಮ್ಮ ತಾಯಿಗೆ ಇಪ್ಪತ್ತು ವರ್ಷದಿಂದ ಸಕ್ಕರಿ ಕಾಯಿಲೆ. ಪಾದದಾಗ ಸ್ಪರ್ಶನೇ ಇಲ್ಲ, ಬೆಂಕಿ ಇಟ್ಟರೂ ಗೊತ್ತಾಗಂಗಿಲ್ಲ ಅವಕ್ಕ. ಹೋದ ಶನಿವಾರ ಆ ಬಿಸಿಲಾಗ ಮನಿತನಕ ಬರಿಗಾಲಾಗ ನಡಕೊಂಡು ಬಂದಾಳ. ನನ್ನ ಹೆಂಡ್ತಿ ನೆಲದ ಮ್ಯಾಲೆ ಹಸಿ ಹೆಜ್ಜಿ ಕಂಡು ನೋಡಿದ್ರ, ಪಾದದ ತೊಗಲೇ ಸುಲಿದು ಬಂದದ. ಬೆರಳು ತೆಗೀಬೇಕಾಗಬಹುದು ಅಂತ ಡಾಕ್ಟ್ರು ಅಂತಾರ. ಕದ್ದವರ ಮನಿ ಹಾಳಾಗ್ಲಿ!"

ತಿರುವಿನಲ್ಲಿ ಕಂಡ ಮುದುಕಿ ವಿರೂಪಮ್ಮನ ಕಣ್ಣ ಮುಂದೆ ಬಂದರು. ಗುರುಸ್ವಾಮಿ ಅವಳತ್ತ ನೋಡಿ, ಸುಮ್ಮನಿರು ಎಂಬಂತೆ ಕಣ್ಣಲ್ಲೇ ಹೇಳಿದ. ಅವಳು ಚೀಲವನ್ನೂ ತುಂಬದೆ ಮನೆಗೆ ಬಂದು, ಗೋಡೆಗೆ ಒರಗಿ ಕೂತು, ಮಗಳಿಗೆ ಎಲ್ಲ ಹೇಳಿದಳು.

ಮೌನಿಕಾ ತಾಯಿಯ ಕೈ ಹಿಡಿದುಕೊಂಡಳು. "ಹೇಳಬ್ಯಾಡವ್ವಾ. ಯಾರಿಗೂ ಹೇಳಬ್ಯಾಡ. ನಿನಗೇನು ಗೊತ್ತಿತ್ತು? ಹೇಳಿದ್ರ ಕಳ್ಳಿ ಅಂತಾರ, ಗುಡಿಯಾಗ ಬಿಡಂಗಿಲ್ಲ. ಆಮ್ಯಾಲೆ ದೊಡ್ಡಪ್ಪ... ನಾ ಹೋಗಂಗಿಲ್ಲವ್ವ ಸಿರುಗುಪ್ಪಕ್ಕ."

"ಆ ಮುದುಕಿ ಕಾಲು ಹೋಗಾಕತ್ತೈತಲ್ಲೇ."

"ಹೇಳಿದ್ರ ಕಾಲು ಬರ್ತೈತೇನು?"

ಮಗಳ ಮಾತಿನಲ್ಲಿ ತಪ್ಪೇನಿದೆ? ಆದರೆ ಮಷಿನ್ ಮುಂದೆ ಕೂತರೆ ವಿರೂಪಮ್ಮನ ಕೈ ಏಳಲಿಲ್ಲ. ಆ ಪರ್ಸು ಮೊಳೆಯಲ್ಲಿ ತೂಗುತ್ತಿತ್ತು. ಕತ್ತರಿ ಹಾಕುವ ಮೊದಲು ಒಂದು ಗಳಿಗೆ ಕೈ ತಡೆದಿತ್ತಲ್ಲ, ಆ ಗಳಿಗೆಯೇ ಅವಳನ್ನು ತಿನ್ನುತ್ತಿತ್ತು. ಮರುದಿನ ಬೆಳಿಗ್ಗೆ ಪರ್ಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಗುರುಸ್ವಾಮಿಯಿಂದ ಪ್ರಾಣೇಶನ ಮನೆ ಕೇಳಿಕೊಂಡು ಹೊರಟೇಬಿಟ್ಟಳು.

ಪ್ರಾಣೇಶನ ತಾಯಿ ತುಳಸಮ್ಮ ಪಡಸಾಲೆಯ ಮಂಚದ ಮೇಲೆ ಮಲಗಿದ್ದರು. ಎರಡೂ ಪಾದಕ್ಕೆ ಬಿಳಿ ಪಟ್ಟಿ. ವಿರೂಪಮ್ಮ ಬಾಗಿಲಲ್ಲೇ ನಿಂತು, ತಾನು ಯಾರು, ಏನು ಕೆಲಸ, ಏನು ಮಾಡಿದೆ ಎಂಬುದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಪರ್ಸನ್ನು ಮುಂದಿಟ್ಟಳು.

ಪ್ರಾಣೇಶ ಕೆಂಡವಾದ. "ಪರ್ಸು ಮಾಡಿದ್ಯಾ? ನಮ್ಮಮ್ಮನ ಕಾಲು ಕಡದು ಪರ್ಸು ಮಾಡಿದ್ಯಾ ನೀನು?"

"ರಾಶಿಯಾಗ ಇತ್ತರಿ ಸರ. ದೇವರ ಆಣಿ. ಸ್ಟ್ಯಾಂಡಿನ ಮ್ಯಾಲಿನ ಒಂದು ಚಪ್ಪಲೀನೂ ನಾ ಮುಟ್ಟಿದಾಕಿ ಅಲ್ಲ."

"ಸುಳ್ಳು! ನಮ್ಮಮ್ಮ ಯಾಕ ಆ ರಾಶ್ಯಾಗ ಬಿಡ್ತಾಳ?"

ವಿರೂಪಮ್ಮ ಮಂಚದತ್ತ ತಿರುಗಿದಳು. "ಅಮ್ಮಾರೇ, ನೀವಾದ್ರೂ ಹೇಳ್ರಿ. ಎಲ್ಲಿ ಬಿಟ್ಟಿದ್ರಿ?"

ತುಳಸಮ್ಮ ಅವಳ ಮುಖ ನೋಡಿದರು, ಮಗನ ಮುಖ ನೋಡಿದರು. ಆಮೇಲೆ ಗೋಡೆಯ ಕಡೆ ಹೊರಳಿ ಕಣ್ಣು ಮುಚ್ಚಿದರು.

ಅಲ್ಲಿಗೆ ವಿರೂಪಮ್ಮ ಕಳ್ಳಿಯಾದಳು. ಪ್ರಾಣೇಶ ಅಂದೇ ಗುಡಿಯ ಕಮಿಟಿಗೆ ದೂರು ಕೊಟ್ಟ. ಗೋಡೆಯ ಬುಡದ ಚಪ್ಪಲಿ ಮುಟ್ಟಕೂಡದೆಂದು ಹಲಗೆ ತೂಗುಹಾಕಿದರು. ಪರ್ಸು ಮಾರುತ್ತಿದ್ದ ಅಂಗಡಿಯವನಿಗೂ ಸುದ್ದಿ ಮುಟ್ಟಿ, "ಶನಿ ಚಪ್ಪಲಿದಂತಲ್ಲಮ್ಮ, ಥೂ!" ಎಂದು ಇದ್ದ ಮಾಲನ್ನೆಲ್ಲ ವಾಪಸ್ ಕೊಟ್ಟ. ಅವಳು ತವರಿನ ಕುರುಗೋಡಿಗೆ ಹೋಗಿ ಮನೆಮನೆಯ ಮುಂದೆ ಹಳೆಯ ಚಪ್ಪಲಿ ಇದ್ದರೆ ಕೊಡಿರೆಂದು ಕೇಳಿದಳು. ಹಳೆಯ ಚಪ್ಪಲಿಯನ್ನು ಕೈಯಾರೆ ಕೊಡುವುದು ಅಪಶಕುನವಂತೆ. ಚರಂಡಿಗೆ ಎಸೆದೇವು, ಕೊಡಲಾರೆವು ಎಂದರು. ಚಿಕ್ಕಂದಿನ ಗೆಳತಿಯೊಬ್ಬಳು ಒಳಗೆ ಕರೆಯದೆ ಬಾಗಿಲಲ್ಲೇ ನೀರು ಕೊಟ್ಟು ಕಳಿಸಿದಳು. ಖಾಲಿ ಚೀಲ ಮಡಚಿಕೊಂಡು ಬಸ್ಸು ಹತ್ತಿದವಳು ಬಳ್ಳಾರಿ ಬರುವತನಕ ಅತ್ತಳು.

ಆ ವಾರವೇ ತುಳಸಮ್ಮನ ಎಡಗಾಲಿನ ಕಿರುಬೆರಳು ತೆಗೆದರೆಂದು ಗುರುಸ್ವಾಮಿ ಬಂದು ಹೇಳಿದ. ಅದರ ಹಿಂದೆಯೇ ಎರ್ರಣ್ಣನ ಫೋನು ಬಂತು. "ಎಲ್ಲಾ ಗೊತ್ತಾತು. ರಿಸಲ್ಟ್ ಬರ್ಲಿ, ಆಮ್ಯಾಲೆ ಬಂದು ಕರ್ಕೊಂಡು ಹೋಗ್ತೀನಿ. ಬಟ್ಟಿ ಕಟ್ಟಿಡು."

ಮೌನಿಕಾ ತಾಯಿಯೊಡನೆ ಮಾತು ಬಿಟ್ಟಳು. ನಾನು ಬೇಡವೆಂದರೂ ಹೇಳಿದೆಯಲ್ಲ ಎಂಬುದು ಅವಳ ಸಿಟ್ಟು. ವಿರೂಪಮ್ಮ ಬೈಸಿಕೊಳ್ಳಲೂ ತಯಾರಿದ್ದಳು. ಆದರೆ ಹುಡುಗಿ ಬೈಯಲೂ ಇಲ್ಲ, ಮೂಲೆಯಲ್ಲಿ ಕೂತು ತನ್ನ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದಳು, ಇನ್ನು ಓದುವುದಕ್ಕಿಲ್ಲವೆಂದು ಗೊತ್ತಿದ್ದೂ.

ಮಾಡಲು ಬೇರೆ ಕೆಲಸವಿಲ್ಲದ ಒಂದು ದಿನ ಆ ಎತ್ತಿಟ್ಟ ಹಾಸುಗಳು ಕೈಗೆ ಬಂದವು. ತುಳಸಮ್ಮನ ಪಾದ ಅದರಲ್ಲಿ ಅಚ್ಚಾಗಿತ್ತು. ಹೆಬ್ಬೆರಳಿನ ಬುಡದಲ್ಲಿ ಆಳವಾದ ತಗ್ಗು, ಹಿಮ್ಮಡಿಯಲ್ಲಿ ಇನ್ನೊಂದು. ವಿರೂಪಮ್ಮ ಅದರ ಮೇಲೆ ಅಂಗೈ ಇಟ್ಟು ನೋಡಿದಳು. ತಾನೇ ಪದರ ಪದರ ಬಿಚ್ಚಿದ್ದಳಲ್ಲ, ಯಾವುದರ ಮೇಲೆ ಯಾವುದಿತ್ತು, ಹೊಲಿಗೆ ಕಾಲಿಗೆ ತಾಗದಂತೆ ಎಲ್ಲಿ ಅಡಗಿತ್ತು ಎಂಬುದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಬಸ್ ಸ್ಟ್ಯಾಂಡಿನ ಬಳಿ ಚಪ್ಪಲಿ ಹೊಲಿಯುವ ಜಂಬುನಾಥಜ್ಜನ ಹತ್ತಿರ ಹೋಗಿ, ಸಕ್ಕರೆ ಕಾಯಿಲೆಯವರ ಚಪ್ಪಲಿಗೆ ಹಾಕುವ ಮೆತ್ತನೆಯ ರಬ್ಬರಿನ ಹಾಳೆ ಕೇಳಿದಳು. ಅಜ್ಜ ಅದರ ಹಿಂದಿನ ಕತೆ ಕೇಳಿ, ಹಾಳೆ ಕೊಟ್ಟು, "ಮೊಳಿ ಒಂದೂ ಹೊಡೀಬ್ಯಾಡ. ಗಂಟು ಒಳಗ ಬರಬಾರದು" ಎಂದಷ್ಟೇ ಹೇಳಿದ.

ಮೂರು ದಿನ ಹೊಲಿದಳು. ಮೂರನೆಯ ದಿನ ಮೌನಿಕಾ ತಾನಾಗಿ ಬಂದು ಪಟ್ಟಿ ಹಿಡಿದುಕೊಂಡು ಕೂತಳು.

"ಇದನ್ನ ಕೊಟ್ಟರ ನಮ್ಮನ್ನ ಒಳಗ ಬಿಡ್ತಾರೇನವ್ವ?"

"ಬಿಡದಿದ್ರ ಬಾಗಿಲಾಗ ಇಟ್ಟು ಬರ್ತೀನಿ. ನನ್ನ ಕೈಲೆ ಕೆಟ್ಟದ್ದು, ನನ್ನ ಕೈಲೆ ಆಗಬೇಕು."

ಚಪ್ಪಲಿ ಆದ ಮೇಲೆ ಉಳಿದ ಜೀನ್ಸ್ ಬಟ್ಟೆಯಲ್ಲಿ ಇನ್ನೊಂದು ಜೊತೆ ಹೊಲಿದಳು. ಪೂರ್ತಿ ಬಟ್ಟೆಯದೇ, ತಳಕ್ಕೆ ನಾಲ್ಕು ಪದರ ಹಾಕಿ ಗಟ್ಟಿ ಮಾಡಿದ್ದು.

ಅವರ ಮನೆಯಲ್ಲಿ ಬಾಗಿಲು ತೆರೆದದ್ದು ಸೊಸೆ ಸುಮೇಧಾ. ಪ್ರಾಣೇಶ ಕುರುಗೋಡಿಗೆ ಹೋಗಿದ್ದ. ವಿರೂಪಮ್ಮ ಎರಡೂ ಜೊತೆಯನ್ನು ಹೊಸ್ತಿಲ ಮೇಲಿಟ್ಟು, "ಡಾಕ್ಟ್ರಿಗೆ ತೋರಿಸಿ, ಅವರು ಹೂಂ ಅಂದಮ್ಯಾಲೇ ಹಾಕಿಸ್ರಿ. ಈ ಬಟ್ಟೀದು ಮನಿ ಒಳಗ, ದೇವರ ಕ್ವಾಣಿಗೆ. ಇದು ಚಪ್ಪಲಿ ಅಲ್ಲ, ಬರೇ ಬಟ್ಟಿ. ದೇವರಿಗೂ ನಡೀತೈತಿ, ಕಾಲಿಗೂ ನಡೀತೈತಿ" ಎಂದಳು.

ಒಳಗಿಂದ ತುಳಸಮ್ಮ ಎಲ್ಲ ಕೇಳಿಸಿಕೊಂಡರು. ಡಾಕ್ಟರು ಚಪ್ಪಲಿಯಿಲ್ಲದೆ ನೆಲಕ್ಕೆ ಕಾಲಿಡಬೇಡ ಎಂದಿದ್ದರಿಂದ ತಿಂಗಳಿಂದ ಅವರು ದೇವರ ಕೋಣೆಯ ಹೊಸ್ತಿಲು ದಾಟಿರಲಿಲ್ಲ. ಅದಕ್ಕಾಗಿ ಒಳಗೊಳಗೇ ಅಳುತ್ತಿದ್ದದ್ದು ಸುಮೇಧಾಳಿಗೂ ಗೊತ್ತಿರಲಿಲ್ಲ. ಈ ಹೆಂಗಸಿಗೆ ಅದು ಹೇಗೆ ತಿಳಿಯಿತು?

ಹದಿನೈದು ದಿನ ಕಳೆದವು. ರಿಸಲ್ಟು ಬಂತು, ಮೌನಿಕಾ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಮನೆಯಲ್ಲಿ ಯಾರೂ ಸಕ್ಕರೆ ಹಂಚಲಿಲ್ಲ. ಶನಿವಾರ ಬೆಳಿಗ್ಗೆಯೇ ಎರ್ರಣ್ಣ ಬಂದು ಕೂತ. ಹನ್ನೊಂದರ ಸಿರುಗುಪ್ಪ ಬಸ್ಸಿಗೆ ಹೋಗುವುದೆಂದು ಆಯಿತು. ಹೊರಡುವ ಹೊತ್ತಿಗೆ ಸುಮೇಧಾಳ ಫೋನು. "ಅತ್ತಿಯವರು ಗುಡಿಗೆ ಹೊಂಟಾರ. ನೀವು ಬರಲೇಬೇಕಂತ."

ಇನ್ನೇನು ಉಳಿದಿದೆ ಬೈಯಲು ಎಂದುಕೊಂಡಳು ವಿರೂಪಮ್ಮ. ಕಾಲಿನ ಗಾಯ ಮತ್ತೆ ಕೆದರಿತೋ ಏನೋ ಎಂದು ಅಂಜಿದಳು. ಗುಡಿ ಬಸ್ ಸ್ಟ್ಯಾಂಡಿನ ದಾರಿಯಲ್ಲೇ ಇತ್ತು. ಮಗಳ ಬಟ್ಟೆಯ ಬ್ಯಾಗು ಹೆಗಲಿಗೇರಿಸಿಕೊಂಡು ಎರ್ರಣ್ಣ ಗೊಣಗುತ್ತ ಹಿಂದೆ ಬಂದ.

ಗುಡಿಯ ಮುಂದೆ ಶನಿವಾರದ ಜನ. ಆಟೋದಿಂದ ತುಳಸಮ್ಮ ಮಗನ ತೋಳು ಹಿಡಿದು ಇಳಿದರು. ಕಾಲಲ್ಲಿ ವಿರೂಪಮ್ಮ ಹೊಲಿದ ಚಪ್ಪಲಿ. ಅವರನ್ನು ಕಂಡು ಕಮಿಟಿಯ ಇಬ್ಬರು ಎದ್ದು ಬಂದರು.

"ಪ್ರಾಣೇಶ, ನಾ ನಿನಗ ಒಂದು ಮಾತು ಹೇಳಿಲ್ಲ" ಎಂದರು ತುಳಸಮ್ಮ. ದನಿ ಸಣ್ಣದು, ಆದರೆ ಸುತ್ತಲಿದ್ದವರು ಮಾತು ನಿಲ್ಲಿಸಿ ಕೇಳುವಷ್ಟಿತ್ತು. "ಈಕಿ ಕದ್ದಿಲ್ಲ. ನಾನೇ ಆ ರಾಶ್ಯಾಗ ಬಿಟ್ಟಿದ್ದೆ."

"ಏನಮ್ಮಾ ಇದು? ಯಾಕ?"

"ಸ್ಟ್ಯಾಂಡಿನ್ಯಾಗ ಇಟ್ಟರ ಗುರುಸ್ವಾಮಿ ಮುಟ್ಟತಾನ ಅಂತ. ಶನಿ ರಾಶ್ಯಾಗ ಇಟ್ಟರ ಅಂಜಿ ಯಾರೂ ಮುಟ್ಟಂಗಿಲ್ಲ, ನನ್ನದು ನನಗ ಹಂಗೇ ಸಿಗ್ತದ ಅಂತ ಲೆಕ್ಕ ಹಾಕಿದ್ದೆ. ಎಷ್ಟೋ ಶನಿವಾರ ಹಂಗೇ ಮಾಡೀನಿ. ಅವತ್ತು ಪ್ರದಕ್ಷಿಣಿ ಮುಗಿಯೋದು ತಡ ಆತು. ಹೊರಗ ಬಂದ್ರ ಇಲ್ಲ. ಯಾರನ್ನ ಕೇಳ್ಲಿ? ಕೇಳಿದ್ರ ಎಲ್ಲಿಟ್ಟಿದ್ದಿ ಅಂತಾರ. ನಾಚಿಕಿಗೆ ಸುಮ್ಮನ ನಡದೆ. ನೀ ಈಕೀನ ಕಳ್ಳಿ ಅಂದಾಗೂ ಗ್ವಾಡಿ ಕಡೆ ಹೊರಳಿ ಮಲಗಿದೆ. ಬೆರಳು ಹೋದದ್ದು ನನ್ನ ಮಡಿಗೆ. ಈಕಿ ಹೆಸರು ಯಾಕ ಹೋಗಬೇಕು?"

ಕಮಿಟಿಯವರು ಮುಖ ಮುಖ ನೋಡಿಕೊಂಡರು. ಸೆರಗು ಬಾಯಿಗೊತ್ತಿ ನಿಂತಿದ್ದ ವಿರೂಪಮ್ಮ ಮುಂದೆ ಬಂದಳು.

"ನನ್ನದೂ ತಪ್ಪೈತ್ರಿ ಅಮ್ಮಾರೇ. ಕತ್ತರಿ ಹಾಕೋ ಮೊದಲು ಅನುಮಾನ ಬಂದಿತ್ತು. ಬಂದು ಕೇಳಬೇಕಿತ್ತು, ಕೇಳ್ಲಿಲ್ಲ."

ತುಳಸಮ್ಮ ಮೆಟ್ಟಿಲ ಮೇಲೆ ಕೂತರು. ಸೊಂಟದಿಂದ ಒಂದು ಪರ್ಸು ತೆಗೆದು ಮಡಿಲಲ್ಲಿಟ್ಟುಕೊಂಡರು. ಅವರದೇ ಹಳೆಯ ಚಪ್ಪಲಿಯ ಪಟ್ಟಿಯಿಂದ ಹೊಲಿದದ್ದು, ವಿರೂಪಮ್ಮ ಅಂದು ಮುಂದಿಟ್ಟು ಬಂದದ್ದು. ಅದರೊಳಗೆ ಸಕ್ಕರೆ ಕಾಯಿಲೆಯ ಮಾತ್ರೆಯ ಚೀಟಿಯಿತ್ತು; ಬಟ್ಟೆಯ ಪಾದರಕ್ಷೆಗಳನ್ನು ಮಗನ ಕೈಚೀಲದಿಂದ ಎಳೆದು ತೆಗೆದರು. ಚಪ್ಪಲಿಯ ಪಟ್ಟಿ ಬಿಚ್ಚಲು ಬಗ್ಗಿದ ವಿರೂಪಮ್ಮ ಒಂದು ಕ್ಷಣ ಅನುಮಾನಿಸಿದಳು.

"ಬಿಚ್ಚವ್ವ. ನಿನಗ ಗೊತ್ತಿರೋ ಅಷ್ಟು ನನ್ನ ಕಾಲು ನನಗೂ ಗೊತ್ತಿಲ್ಲ" ಎಂದರು ತುಳಸಮ್ಮ.

ಬಟ್ಟೆಯ ಪಾದರಕ್ಷೆ ತೊಟ್ಟು ಅವರು ಎದ್ದು ನಿಂತಾಗ ಗುರುಸ್ವಾಮಿ ಚಪ್ಪಲಿ ಇಡಲು ಸ್ಟ್ಯಾಂಡಿನಲ್ಲಿ ಜಾಗ ಮಾಡಿದ. ತುಳಸಮ್ಮ ಬೇಡವೆಂದು ತಲೆಯಾಡಿಸಿ, ಎರಡೂ ಚಪ್ಪಲಿಯನ್ನು ತಾವೇ ಎತ್ತಿ ವಿರೂಪಮ್ಮನ ಕೈಗೆ ಕೊಟ್ಟರು.

"ನಾ ಬರೋತನಕ ಹಿಡಕೊಂಡಿರು. ಬ್ಯಾರೆ ಯಾರ ಕೈಗೂ ಕೊಡಬ್ಯಾಡ."

ಅವರು ಒಳಗೆ ಹೋದರು. ವಿರೂಪಮ್ಮ ಚಪ್ಪಲಿಗಳನ್ನು ಎದೆಗೆ ಅವಚಿಕೊಂಡು ನಿಂತಳು. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ಕಮಿಟಿಯ ಹಿರಿಯರೊಬ್ಬರು ಗೋಡೆಯ ಮೇಲಿನ ಹಲಗೆಯನ್ನು ನೋಡಿ, ಗುರುಸ್ವಾಮಿಗೆ ಸನ್ನೆ ಮಾಡಿದರು. ಅವನು ಅದನ್ನು ಕಿತ್ತು ಕಂಕುಳಿಗೆ ಇಟ್ಟುಕೊಂಡು, "ಇನ್ನ ಮ್ಯಾಲೆ ನಾನೂ ಒಂದು ಸಲ ಕೂಗಿ ಕೇಳ್ತೀನಿ, ಯಾರದರ ಐತೇನ್ರಿ ಅಂತ. ಆಮ್ಯಾಲೇ ನಿನ್ನ ಚೀಲ" ಎಂದ.

"ಬಸ್ಸಿನ ಹೊತ್ತಾತು" ಎಂದ ಎರ್ರಣ್ಣ. ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

ಮೌನಿಕಾ ಅವನ ಹೆಗಲಿನಿಂದ ತನ್ನ ಬ್ಯಾಗನ್ನು ಮೆಲ್ಲಗೆ ಇಳಿಸಿಕೊಂಡಳು. "ನೀ ಹೋಗು ದೊಡ್ಡಪ್ಪ. ಅಮ್ಮಾರು ಹೊರಗ ಬರೋತನಕ ಅವ್ವ ಇಲ್ಲಿಂದ ಅಲುಗಾಡಂಗಿಲ್ಲ. ಅವ್ವ ಬರದಿದ್ರ ನಾನೂ ಬರಂಗಿಲ್ಲ."

ಎರ್ರಣ್ಣ ಒಮ್ಮೆ ಗುಡಿಯ ಬಾಗಿಲು ನೋಡಿದ, ಒಮ್ಮೆ ತಮ್ಮನ ಹೆಂಡತಿ ಎದೆಗೆ ಒತ್ತಿಕೊಂಡಿದ್ದ ಆ ಚಪ್ಪಲಿಗಳನ್ನು ನೋಡಿದ. ಆಮೇಲೆ ಒಬ್ಬನೇ ಬಸ್ ಸ್ಟ್ಯಾಂಡಿನ ಕಡೆ ಹೆಜ್ಜೆ ಹಾಕಿದ. ಮೌನಿಕಾ ಬ್ಯಾಗನ್ನು ಮೆಟ್ಟಿಲ ಮೇಲಿಟ್ಟು ತಾಯಿಯ ಪಕ್ಕ ಬಂದು ನಿಂತು, ತನ್ನ ಸೆರಗಿನ ತುದಿಯಿಂದ ಅವಳ ಮುಖ ಒರೆಸಿದಳು.